ಮಕ್ಕಳಿಗೆ ಬೇಸ್ ಪ್ರೈಸ್ ಯಾಕೆ?

ಸಂಪಾದಕರಿಗೆ ನಮಸ್ಕಾರ,

ಅಪಾರ್ಟ್‌ಮೆಂಟ್ ಕ್ರಿಕೆಟ್ ಲೀಗ್‌ಗಳ ಬಗ್ಗೆ ನಿಮ್ಮ ಬೆಂಗಳೂರು ಪುಟದಲ್ಲಿ ಬಂದ ಬರಹ ಓದಿದೆ. ಅಕ್ಕಪಕ್ಕದವರ ಪರಿಚಯ ಆಗುತ್ತದೆ, ಮಕ್ಕಳು ಮೊಬೈಲ್ ಬಿಟ್ಟು ಹೊರಗೆ ಬರುತ್ತಾರೆ ಅಂತ ಬರೆದಿದ್ದೀರಿ. ಎರಡೂ ನಿಜ. ಆದರೆ ಆಟಕ್ಕೆ ಮೊದಲು ಆಟಗಾರರನ್ನು ಟೀಮ್‌ಗಳಿಗೆ ಹಂಚಲು ನಡೆಯುವ ಹರಾಜಿನ ವಿಷಯ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ನನ್ನ ತಕರಾರು ಇರುವುದು ಆ ಹರಾಜಿನ ಬಗ್ಗೆ.

ನಾವಿರುವುದು ಕೆ.ಆರ್. ಪುರದ ಕಡೆ, ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ. ಕಳೆದ ಸಲ ಇಲ್ಲಿ ಮಕ್ಕಳ ಲೀಗಿಗೂ ಹರಾಜು ಇಟ್ಟಿದ್ದರು. ಕ್ಲಬ್‌ಹೌಸಿನಲ್ಲಿ ಪ್ರೊಜೆಕ್ಟರ್. ಪರದೆ ಮೇಲೆ ಒಂದೊಂದೇ ಮಗುವಿನ ಫೋಟೊ, ಪಕ್ಕದಲ್ಲಿ ‘ಬ್ಯಾಟಿಂಗ್ ಆಲ್‌ರೌಂಡರ್’ ಅಂತ ವಿವರ. ಕೋಟು ಹಾಕಿಕೊಂಡ ಒಬ್ಬ ಅಪ್ಪ ಸುತ್ತಿಗೆ ಹಿಡಿದು ನಿಂತಿದ್ದರು. ಟೀಮ್ ಓನರ್‌ಗಳು ಅಂದರೆ ಇನ್ನೂ ನಾಲ್ಕು ಜನ ಅಪ್ಪಂದಿರು. ದುಡ್ಡಲ್ಲ, ಬರೀ ಪಾಯಿಂಟ್ಸ್. ಎಲ್ಲ ಮಕ್ಕಳಿಗೂ 20 ಪಾಯಿಂಟ್ಸ್ ಬೇಸ್ ಪ್ರೈಸ್, ಅಂದರೆ ಕೂಗು ಶುರುವಾಗುವ ಬೆಲೆ. ಚೆನ್ನಾಗಿ ಬೌಲಿಂಗ್ ಮಾಡುವ ಹುಡುಗನೊಬ್ಬ 400ಕ್ಕೆ ಹೋದ. ನನ್ನ ಮೊಮ್ಮಗನಿಗೆ ಹತ್ತು ವರ್ಷ. ಅವನ ಫೋಟೊ ಬಂದಾಗ ಯಾರೂ ಕೈ ಎತ್ತಲಿಲ್ಲ. ಕೆಂಪಕ್ಷರದಲ್ಲಿ ‘ಅನ್‌ಸೋಲ್ಡ್’ ಅಂತ ಬಂತು. ಎಲ್ಲರೂ ನಕ್ಕರು, ಅವನೂ ನಕ್ಕ. ಎರಡನೇ ಸುತ್ತಿನಲ್ಲಿ ಪಾಯಿಂಟ್ಸ್ ಉಳಿದಿದ್ದವರೊಬ್ಬರು ಅವನನ್ನೂ ಇಬ್ಬರು ಹುಡುಗಿಯರನ್ನೂ ಒಟ್ಟಿಗೆ ತಗೊಂಡರು, ತರಕಾರಿ ಕೊಂಡ ಮೇಲೆ ಕರಿಬೇವು ಹಾಕಿಸಿಕೊಂಡ ಹಾಗೆ.

ರಾತ್ರಿ ಊಟಕ್ಕೆ ಕೂತಾಗ ಅವನು ಕೇಳಿದ್ದು ಇಷ್ಟು: “ಅಜ್ಜಿ, ಮುಂದಿನ ವರ್ಷ ನಾನು ಎಷ್ಟಕ್ಕೆ ಹೋಗಬಹುದು?”

ಕ್ರಿಕೆಟ್ ಕಂಡರಾಗದ ಮುದುಕಿ ಅಂದುಕೊಳ್ಳಬೇಡಿ. 2008ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಐಪಿಎಲ್‌ನ ಮೊದಲ ಪಂದ್ಯ ನಡೆದಾಗ ಟಿವಿ ಮುಂದೆಯೇ ಇದ್ದೆ. ಕೋಲ್ಕತ್ತ ತಂಡದ ಮೆಕಲಮ್ 158 ಹೊಡೆದು ನಮ್ಮವರ ಮಾನ ಕಳೆದರು. ಅವತ್ತಿನಿಂದ ಆರ್‌ಸಿಬಿ ಬಿಟ್ಟಿಲ್ಲ. 2025ರ ಜೂನ್ 3ರಂದು ಕೊನೆಗೂ ಕಪ್ ಬಂದಾಗ ಕಿರುಚಿ ಗಂಟಲು ಕೂತಿತ್ತು. ಮರುದಿನ ಸ್ಟೇಡಿಯಂ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ಖುಷಿ ಅಲ್ಲಿಗೇ ನಿಂತುಹೋಯಿತು.

ದೊಡ್ಡವರ ಹರಾಜಿಗೆ ನನ್ನದೇನೂ ಅಡ್ಡಿಯಿಲ್ಲ. ಅದು ಅವರ ಕೆಲಸ, ಬರುವುದು ಸಂಬಳ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್ 27 ಕೋಟಿಗೆ ಹೋದರು. ಅದೇ ಹರಾಜಿನಲ್ಲಿ 13 ವರ್ಷದ ವೈಭವ್ ಸೂರ್ಯವಂಶಿಗೆ ರಾಜಸ್ಥಾನದವರು 1.10 ಕೋಟಿ ಕೊಟ್ಟರು. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಈ ಅಂಕಿಗಳೆಲ್ಲ ಬಾಯಿಪಾಠ. ಟಿವಿ ನೋಡಿ ಕೊಹ್ಲಿಯ ಕವರ್ ಡ್ರೈವ್ ಕಲಿತರು, ಜೊತೆಗೆ ಹರಾಜನ್ನೂ ಕಲಿತರು. ಶಾಲೆಯಲ್ಲಿ ಸೈನ್ಸ್ ಪ್ರಾಜೆಕ್ಟಿಗೆ ಗುಂಪು ಮಾಡುವಾಗಲೂ ಹರಾಜು ಕೂಗಿದರಂತೆ. ಪಂತ್‌ಗಾದರೂ ದುಡ್ಡು ಸಿಕ್ಕಿತು. ನನ್ನ ಮೊಮ್ಮಗನಿಗೆ ಸಿಕ್ಕಿದ್ದು ರೇಟು ಮಾತ್ರ, ಅದೂ ನೂರು ಜನರ ಮುಂದೆ.

ನಾನು ಬೆಳೆದದ್ದು ದೂರವಾಣಿನಗರದಲ್ಲಿ, ಟೆಲಿಫೋನ್ ಕಾರ್ಖಾನೆ ಐಟಿಐನ ಕ್ವಾರ್ಟರ್ಸ್‌ನಲ್ಲಿ. ತಂದೆ ಟೆಲಿಫೋನ್ ಜೋಡಿಸುವ ಸೆಕ್ಷನ್‌ನಲ್ಲಿದ್ದರು. ಶಿಫ್ಟ್ ಬಿಟ್ಟ ಮೇಲೆ ಮೈದಾನದಲ್ಲಿ ಜಾಗ ಇರುತ್ತಿರಲಿಲ್ಲ. ಒಂದು ಕಡೆ ಫುಟ್‌ಬಾಲ್, ಇನ್ನೊಂದು ಕಡೆ ಬಾಲ್ ಬ್ಯಾಡ್ಮಿಂಟನ್. ಆ ಹಳದಿ ಉಲ್ಲನ್ ಚೆಂಡು ಚರಂಡಿಗೆ ಬಿದ್ದರೆ ತೊಳೆದು ಹಿಂಡಿ ಒಣಗಿಸುವುದು ನಮ್ಮಂಥ ಹುಡುಗಿಯರ ಕೆಲಸ. 1977ರಲ್ಲಿ ಮೊದಲ ಫೆಡರೇಷನ್ ಕಪ್ ಫುಟ್‌ಬಾಲ್ ಫೈನಲ್‌ನಲ್ಲಿ ಐಟಿಐ ತಂಡ ಮೋಹನ್ ಬಾಗಾನ್‌ನಂಥ ಮೋಹನ್ ಬಾಗಾನ್ ಅನ್ನೇ 1–0ರಿಂದ ಸೋಲಿಸಿತು. ನಮ್ಮ ಕಾಲೊನಿ ಎಷ್ಟು ಮೆರೆದಿರಬೇಕು, ನೀವೇ ಯೋಚಿಸಿ. ಆದರೂ ಕಾರ್ಖಾನೆಯಲ್ಲಿ ಫಾರ್ವರ್ಡ್ ಆಡುವವರೂ ಕ್ಯಾಂಟೀನ್ ಕ್ಯೂನಲ್ಲೇ ನಿಲ್ಲಬೇಕಿತ್ತು. ಸೆಕ್ಷನ್-ಸೆಕ್ಷನ್ ಮ್ಯಾಚಿನಲ್ಲಿ ಅಪ್ಪನ ಕಡೆ ಗೋಲ್‌ಕೀಪರ್ ಆಗಿದ್ದವರು ರಾಜ್ಯೋತ್ಸವದ ನಾಟಕದಲ್ಲಿ ದುರ್ಯೋಧನ ಆಗಿದ್ದರು. ಗದೆ ಎತ್ತುವ ಭುಜ ಇದ್ದದ್ದು ಅವರೊಬ್ಬರಿಗೇ! ಮಾತು ಮರೆತಾಗ ಸೈಡ್‌ವಿಂಗಿನಿಂದ ಹೇಳಿಕೊಟ್ಟವರೂ ಅದೇ ಟೀಮಿನ ಬ್ಯಾಕ್.

ನಾವು ಮಕ್ಕಳು ಟೀಮ್ ಮಾಡುತ್ತಿದ್ದ ರೀತಿ ನಿಮ್ಮ ಓದುಗರಲ್ಲಿ ಹಲವರಿಗೆ ನೆನಪಿರುತ್ತದೆ. ಮೊದಲು ಇಬ್ಬರು ಕ್ಯಾಪ್ಟನ್. ಉಳಿದವರು ತಮ್ಮಷ್ಟೇ ಆಡುವವರನ್ನು ನೋಡಿಕೊಂಡು ಜೋಡಿಯಾಗಬೇಕು. ಜೋಡಿ ಹೆಗಲ ಮೇಲೆ ಕೈ ಹಾಕಿಕೊಂಡು ಆ ಕಡೆ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬರಬೇಕು. “ಮಲ್ಲಿಗೆ ಬೇಕಾ, ಸಂಪಿಗೆ ಬೇಕಾ?” ಕ್ಯಾಪ್ಟನ್ ಮಲ್ಲಿಗೆ ಅಂದರೆ ಮಲ್ಲಿಗೆ ಅವನ ಕಡೆ, ಸಂಪಿಗೆ ಈ ಕಡೆ. ಒಬ್ಬರು ಜಾಸ್ತಿಯಾದರೆ ಎರಡೂ ಕಡೆ ಬ್ಯಾಟಿಂಗ್. ತೀರಾ ಚಿಕ್ಕವರು ಆಟಕ್ಕುಂಟು ಲೆಕ್ಕಕ್ಕಿಲ್ಲ. ಹಾಗಂತ ಎಲ್ಲ ಚೆನ್ನಾಗಿತ್ತು ಅಂತ ಸುಮ್ನೆ ಹೊಗಳುವುದಿಲ್ಲ. ಜಗಳ ಬೇಕಾದಷ್ಟಿತ್ತು. ಹುಡುಗಿಯರಿಗೆ ಬ್ಯಾಟಿಂಗ್ ಸಿಗುವಷ್ಟರಲ್ಲಿ ಕತ್ತಲಾಗುತ್ತಿತ್ತು. ಆದರೆ ಕೊನೆಯವರು ಯಾರು ಅಂತ ಯಾರನ್ನೂ ಎದುರಿಗೆ ನಿಲ್ಲಿಸಿ ತೋರಿಸುತ್ತಿರಲಿಲ್ಲ.

ಇದನ್ನೇ ನಮ್ಮ ಕಮಿಟಿಯ ಹುಡುಗರಿಗೆ ಹೇಳಿದೆ. “ಆಂಟಿ, ಹರಾಜಿದ್ದರೆ ಟೀಮ್‌ಗಳು ಸಮ ಆಗುತ್ತವೆ” ಅಂದರು. ಜೋಡಿ ಪದ್ಧತಿಯಲ್ಲೂ ಸಮ ಆಗುತ್ತವೆ. ಸಮ ಇರುವವರೇ ತಾನೇ ಜೋಡಿ ಆಗುವುದು? ಜೊತೆಗೆ ತನ್ನ ಮಟ್ಟ ಯಾವುದು ಅಂತ ಮಗು ತಾನೇ ನೋಡಿಕೊಂಡಿರುತ್ತದೆ, ಗೆಳೆಯನ ಹೆಗಲ ಮೇಲೆ ಕೈ ಹಾಕಿಕೊಂಡು. ಆಮೇಲೆ ನಿಜವಾದ ಕಾರಣ ಬಂತು. ಹರಾಜಿದ್ದರೆ ಸ್ಪಾನ್ಸರ್ ಬರುತ್ತಾರಂತೆ, ವಿಡಿಯೊ ಚೆನ್ನಾಗಿ ಓಡುತ್ತದಂತೆ.

ನಮ್ಮ ಎದುರು ಮನೆಯವರು ಕೊಡಗಿನವರು. ಪ್ರತಿ ವರ್ಷ ಬೇಸಿಗೆಯಲ್ಲಿ ರಜೆ ತಗೊಂಡು, ಹಾಕಿ ಸ್ಟಿಕ್ ಹಿಡಿದು ಊರಿಗೆ ಹೊರಡುತ್ತಾರೆ. ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ 60 ಮನೆತನಗಳೊಂದಿಗೆ ಶುರು ಮಾಡಿದ್ದು ಅದು. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳಾಗಿ ಗಿನ್ನೆಸ್ ದಾಖಲೆ ಆಯಿತು. ಅಲ್ಲಿ ಮನೆತನವೇ ಟೀಮು. ಇಂಡಿಯಾಕ್ಕೆ ಆಡಿದವರ ಪಕ್ಕದಲ್ಲಿ ಶಾಲೆ ಹುಡುಗನೂ ಇರಬಹುದು, ಮನೆಯ ಹೆಣ್ಣುಮಕ್ಕಳೂ ಇರಬಹುದು. ಹರಾಜಿಲ್ಲದೆ ಅಷ್ಟು ದೊಡ್ಡ ಹಬ್ಬ ನಡೆಯುತ್ತದೆ, ಸ್ಪಾನ್ಸರ್‌ಗಳೂ ಬರುತ್ತಾರೆ. ನಮಗೆ ಮನೆತನ ಬೇಡ, ಬ್ಲಾಕ್ ಇದೆಯಲ್ವಾ? ಎ ಬ್ಲಾಕ್, ಬಿ ಬ್ಲಾಕ್ ಅಂತ ಆಡಿಸಿದರೆ ಏನು ಕಷ್ಟ?

ದೊಡ್ಡವರ ಟೀಮಿಗೆ ಬೇಕಾದರೆ ಹರಾಜು ಇಟ್ಟುಕೊಳ್ಳಲಿ. ನನ್ನ ಅಳಿಯ 35 ಪಾಯಿಂಟ್ಸಿಗೆ ಹೋದರೆ ನನಗೇನೂ ಬೇಜಾರಿಲ್ಲ. 14 ವರ್ಷದೊಳಗಿನವರನ್ನು ಮಾತ್ರ ಬಿಟ್ಟುಬಿಡಿ ಅಂತ ಬರೆದುಕೊಟ್ಟಿದ್ದೇನೆ. ಮುಂದಿನ ತಿಂಗಳ ಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ. ಬೇರೆ ಅಪಾರ್ಟ್‌ಮೆಂಟುಗಳಲ್ಲಿ ಹರಾಜಿಲ್ಲದೆ ಮಕ್ಕಳ ಲೀಗ್ ನಡೆಸಿದವರಿದ್ದರೆ ದಯವಿಟ್ಟು ಇದೇ ಅಂಕಣಕ್ಕೆ ಬರೆಯಿರಿ. ಟೀಮ್ ಹೇಗೆ ಮಾಡಿದಿರಿ, ಖರ್ಚಿಗೆ ಏನು ಮಾಡಿದಿರಿ ಅನ್ನುವುದನ್ನೂ ಬರೆಯಿರಿ. ಸಭೆಯಲ್ಲಿ ಮೊದಲು ಕೇಳುವುದು ಖರ್ಚಿನ ಪ್ರಶ್ನೆಯನ್ನೇ.

ಇಂತಿ,
ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ
ಕೆ.ಆರ್. ಪುರ, ಬೆಂಗಳೂರು