ಆ ರಾತ್ರಿ ಇಂಜೆಕ್ಷನ್ ತಡೆದ ಸಿಸ್ಟರ್‌ಗೆ

ಅಪ್ಪನ ಕೊನೆಯ ಡಾಕ್ಸಿಸೈಕ್ಲಿನ್ ಮಾತ್ರೆ ನಿನ್ನೆ ಮುಗಿಯಿತು. ಕಕ್ಕಡ ತಿಂಗಳ ಮಳೆಯಲ್ಲಿ ಶುರುವಾದದ್ದು, ಮೂರು ತಿಂಗಳು. ಬೆಕ್ಕಿನ ಚಿಗಟ ಹರಡುವ ಬಾರ್ಟೊನೆಲ್ಲಾ ಬ್ಯಾಕ್ಟೀರಿಯಾ ಹೃದಯದ ಕವಾಟಕ್ಕೆ ಹತ್ತಿದ ಕಥೆ ನಿಮಗೆಲ್ಲ ಗೊತ್ತು.

ಮೊದಲ ನಮಸ್ಕಾರ ನೈಟ್ ಡ್ಯೂಟಿಯ ಸಿಸ್ಟರ್‌ಗೆ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ, ಜೊತೆಗೆ ಎರಡು ವಾರ ಜೆಂಟಾಮೈಸಿನ್ ಇಂಜೆಕ್ಷನ್ ಎಂದಿತ್ತು. ಮೊದಲನೆಯದು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ, ಕೊಲ್ಲುವ ಕೆಲಸ ಎರಡನೆಯದರದು. ಆದರೆ ಅದು ಕಿಡ್ನಿಗೂ ಒಳಗಿವಿಗೂ ಪೆಟ್ಟು ಕೊಡಬಲ್ಲದು. ಆರನೇ ರಾತ್ರಿ ಅಪ್ಪ "ಜೀರುಂಡೆ ಬಹಳ ಕೂಗ್ತಿದೆ" ಎಂದರು. ನಾವು ಹೂಂಗುಟ್ಟಿ ಸುಮ್ಮನಾದೆವು. ಸಿರಿಂಜಿಗೆ ಮದ್ದು ಎಳೆಯುತ್ತಿದ್ದ ಸಿಸ್ಟರ್ ಕೈ ತಡೆದರು. ಕಿಟಕಿ ಮುಚ್ಚಿ, "ಈಗ್ಲೂ ಕೇಳ್ತಿದ್ಯಾ ಅಂಕಲ್? ಒಂದೇ ಕಿವಿನಾ, ಎರಡೂನಾ?" ಎಂದರು. ಎರಡೂ. ಹೊರಗೆ ಹಂಚು ಒಡೆಯುವ ಹಾಗೆ ಮಳೆ, ಜೀರುಂಡೆ ಎಲ್ಲಿಂದ ಬರಬೇಕು? ಸಿರಿಂಜನ್ನು ಟ್ರೇಯಲ್ಲಿಟ್ಟು ಡಾಕ್ಟರಿಗೆ ಫೋನ್ ಮಾಡಿದರು. ಆಗಲೇ ರಕ್ತ ತೆಗೆಸಿದರು, ಕಿಡ್ನಿ ಸೋತರೆ ಹೆಚ್ಚುವ ಕ್ರಿಯಾಟಿನಿನ್ ಏರಿತ್ತು. ಬೆಳಗಿನವರೆಗೂ ಮೂತ್ರ ಅಳೆದು ಬರೆಯುತ್ತ, ಚಳಿ ಹಿಡಿದಾಗ ಕಂಬಳಿ ಹೊದಿಸುತ್ತ ಮಂಚದ ಪಕ್ಕದಲ್ಲೇ ಇದ್ದರು. ಜೆಂಟಾಮೈಸಿನ್‌ನಿಂದ ಹೋದ ಕಿವಿ ಮರಳಿ ಬರುವುದು ಅಪರೂಪ. ಆ ಡೋಸ್ ಒಳಗೆ ಹೋಗಿದ್ದರೆ? ಈಗಲೂ ನೆನೆದರೆ ಹೊಟ್ಟೆ ತಳಮಳಿಸುತ್ತದೆ.

ಮರುದಿನ ಅದರ ಜಾಗಕ್ಕೆ ರಿಫಾಂಪಿಸಿನ್ ಬಂತು, 300 ಮಿಲಿಗ್ರಾಂ ಎರಡು ಹೊತ್ತು. ಒಂಟಿಯಾಗಿ ಕೊಟ್ಟರೆ ಬ್ಯಾಕ್ಟೀರಿಯಾ ಅದಕ್ಕೆ ಬೇಗ ಬಗ್ಗದಂತಾಗುತ್ತದೆ, ಜೋಡಿ ಬೇಕೇ ಬೇಕು. ಸಿಸ್ಟರ್ ಬರೆದುಕೊಟ್ಟ ಚೀಟಿ ಅಡುಗೆಮನೆ ಗೋಡೆಯಲ್ಲಿ ಇನ್ನೂ ಇದೆ. ರಿಫಾಂಪಿಸಿನ್ ಊಟಕ್ಕೆ ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಗೆ. ಮೂತ್ರ, ಕಣ್ಣೀರು ಕೇಸರಿಯಾದರೆ ಗಾಬರಿ ಬೇಡ, ಕಣ್ಣು ಹಳದಿಯಾದರೆ ಕೂಡಲೇ ಬನ್ನಿ. ಡಾಕ್ಸಿಸೈಕ್ಲಿನ್ ಅಕ್ಕಿರೊಟ್ಟಿ ತಿಂದ ಮೇಲೆ, ದೊಡ್ಡ ಲೋಟದ ತುಂಬ ನೀರಿನ ಜೊತೆ. ನುಂಗಿ ಅರ್ಧ ಗಂಟೆ ಮಲಗಬಾರದು, ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ಹಾಲು ಹಾಕಿದ ಕಾಫಿ, ಕಬ್ಬಿಣದ ಮಾತ್ರೆ, ಆಸಿಡಿಟಿ ಮದ್ದು ಎರಡು ಮೂರು ಗಂಟೆ ದೂರವಿರಲಿ, ಇಲ್ಲದಿದ್ದರೆ ಮದ್ದು ಮೈಗೆ ಹತ್ತುವುದಿಲ್ಲ. ಬಿಸಿಲಿಗೆ ಚರ್ಮ ಸುಡುತ್ತದೆ, ತೋಟಕ್ಕೆ ಹೋದರೆ ಟೋಪಿ, ತುಂಬುತೋಳಿನ ಅಂಗಿ.

ರಕ್ತದ ಸ್ಯಾಂಪಲ್ಲನ್ನು ಮೈಸೂರಿಗೆ ಮುಟ್ಟಿಸಿದ ಜೀಪಿನ ಅಣ್ಣ, ಗಂಜಿ ತಂದ ತೋಟದ ಲೈನ್‌ಮನೆಯವರು, ಬೆಕ್ಕಿಗೆ ತಪ್ಪದೆ ಚಿಗಟದ ಮದ್ದು ಹಾಕಿಸಿದ ತಂಗಿ, ಎಲ್ಲರಿಗೂ ಕೈಮುಗಿಯುತ್ತೇವೆ.

ಇನ್ನೊಂದು ಎಕೋ, ಹೃದಯದ ಸ್ಕ್ಯಾನ್, ಬಾಕಿ ಇದೆ. ಸಿಸ್ಟರ್, ಹುತ್ತರಿ ಹಬ್ಬಕ್ಕೆ ನೀವು ಮನೆಗೆ ಬರಲೇಬೇಕೆಂದು ಅಪ್ಪನ ಹಟ. ತಂಬಿಟ್ಟು ನಿಮಗೆಂದೇ ಎತ್ತಿಡುತ್ತೇವೆ.