ಗೆಳೆಯನಿಗೊಂದು ಪತ್ರ: ಹಿಂದಿನ ಸಾಲಿನಲ್ಲಿ ಕೂತ ಟೀಚರುಗಳು

ಪ್ರೀತಿಯ ಗೆಳೆಯಾ,

ಮೂರು ದಿನದಿಂದ ಒಂದು ಪತ್ರ ಬರೆಯಲು ಒದ್ದಾಡುತ್ತಿದ್ದೇನೆ. ಅದು ಮುಗಿಯುತ್ತಿಲ್ಲ. ನೀನು ಮೇಷ್ಟ್ರು, ನಿನಗೆ ಬರೆದರೆ ದಾರಿ ಸಿಗಬಹುದು ಅಂತ ಇದನ್ನು ಶುರು ಮಾಡಿದೆ.

ಮಗಳ ಇಂಗ್ಲಿಷ್ ಟೀಚರ್ ಹೆಸರನ್ನು ಅವರ ಜೊತೆಯ ಟೀಚರುಗಳು ಇಲ್ಲಿ ಅಮೆರಿಕದಲ್ಲಿ, ನಮ್ಮ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನ ಒಂದು ಪ್ರಶಸ್ತಿಗೆ ಕಳಿಸುತ್ತಿದ್ದಾರೆ. ಬೇರೆ ಟೀಚರುಗಳಿಗೆ ಕೈಹಿಡಿದು ದಾರಿ ತೋರಿಸಿದವರಿಗೆ ಕೊಡುವ ಪ್ರಶಸ್ತಿ. ಪೋಷಕರಿಂದಲೂ ಒಂದು ಪತ್ರ ಬೇಕು ಅಂದರು. ಖುಷಿಯಿಂದ ಒಪ್ಪಿಕೊಂಡೆ. ಬರೆಯಲು ಕೂತಾಗ ಕಷ್ಟ ಗೊತ್ತಾಯಿತು. ‘ತುಂಬಾ ಒಳ್ಳೆಯ ಶಿಕ್ಷಕಿ, ಮಕ್ಕಳೆಂದರೆ ಪ್ರಾಣ’ ಅಂತ ಬರೆದೆ. ಸುಳ್ಳೇನಲ್ಲ. ಆದರೆ ಆ ಮಾತನ್ನು ಯಾವ ಟೀಚರ್ ಬಗ್ಗೆ ಬೇಕಾದರೂ ಬರೆಯಬಹುದು, ಅಲ್ವಾ?

ಆಮೇಲೆ ಹೋದ ಅಕ್ಟೋಬರ್‌ನ ಒಂದು ಬೆಳಗ್ಗೆ ನೆನಪಾಯಿತು. ಕ್ಲಾಸಿನ ಪುಸ್ತಕದ ಕಪಾಟು ಜೋಡಿಸಿಕೊಡಲು ವಾಲಂಟಿಯರ್ ಆಗಿ ಹೋಗಿದ್ದೆ. ಏಳನೇ ಕ್ಲಾಸು. ಅಜ್ಜನೋ ಅಜ್ಜಿಯೋ ಕೈಯಾರೆ ಮಾಡುವ ಒಂದು ಕೆಲಸದ ಬಗ್ಗೆ ಮಕ್ಕಳು ಬರೆಯಬೇಕಿತ್ತು. ಟೀಚರ್ ತಾವೂ ಬರೆಯಲು ಕೂತರು. ಅವರು ಬರೆಯುವುದು ಗೋಡೆಯ ಪರದೆ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಎರಡು ಸಾಲು ಬರೆದರು, ಹೊಡೆದು ಹಾಕಿದರು. ಮತ್ತೆ ಬರೆದರು. “ಇಲ್ಲಿ ಮುಂದಕ್ಕೆ ಹೋಗುತ್ತಿಲ್ಲ, ಏನು ಮಾಡಲಿ?” ಅಂತ ಮಕ್ಕಳನ್ನೇ ಕೇಳಿದರು. ಮೊದಲ ಸಾಲೇ ಬೇಡ ಅಂದ ಒಬ್ಬ ಹುಡುಗ. ತೆಗೆದೇಬಿಟ್ಟರು!

ಹಿಂದಿನ ಸಾಲಿನಲ್ಲಿ ಇಬ್ಬರು ಹೊಸ ಟೀಚರುಗಳು ನೋಟ್‌ಬುಕ್ ಹಿಡಿದು ಕೂತಿದ್ದರು. ಅದೇ ಶಾಲೆಯವರು. ತಮಗೆ ಪಾಠವಿಲ್ಲದ ಪೀರಿಯಡ್‌ನಲ್ಲಿ ಬಂದು ಕೂರುತ್ತಾರಂತೆ. ಬೆಲ್ ಹೊಡೆದ ಮೇಲೆ ಒಬ್ಬರು ಮೆಲ್ಲಗೆ ಕೇಳಿದರು: ಮಕ್ಕಳ ಎದುರು ಹೀಗೆ ತಡವರಿಸಿದರೆ ಅವರಿಗೆ ನಮ್ಮ ಮೇಲೆ ಗೌರವ ಉಳಿಯುತ್ತದಾ? ಟೀಚರ್ ಉಪದೇಶ ಮಾಡಲಿಲ್ಲ. “ನಾಳೆ ನಿಮ್ಮ ಕ್ಲಾಸಿನಲ್ಲಿ ನೀವು ಬರೆಯಿರಿ. ನಾನು ಬಂದು ಹಿಂದೆ ಕೂರುತ್ತೇನೆ” ಅಂದರು.

ನನ್ನ ಪತ್ರದಲ್ಲಿ ಈಗ ಇಷ್ಟೇ ಇದೆ. ಬೇರೆ ಎಲ್ಲವನ್ನೂ ತೆಗೆದುಬಿಟ್ಟೆ.

ಇಲ್ಲಿ ಈ ವಿಷಯಕ್ಕೆ ಇಂಗ್ಲಿಷ್ ಲ್ಯಾಂಗ್ವೇಜ್ ಆರ್ಟ್ಸ್ ಅನ್ನುತ್ತಾರೆ. ಓದು, ಬರಹ, ಮಾತು, ಕೇಳುವುದು ಎಲ್ಲ ಒಂದರಲ್ಲೇ. ಹೊರೆಯೂ ಹಾಗೇ ಇದೆ. ದಿನಕ್ಕೆ ಐದು ಕ್ಲಾಸು, ಕ್ಲಾಸಿಗೆ 30 ಮಕ್ಕಳು ಅಂತ ಲೆಕ್ಕ ಹಾಕು. 150 ಪ್ರಬಂಧ. ಒಂದಕ್ಕೆ ಹತ್ತು ನಿಮಿಷ ಕೊಟ್ಟರೂ 25 ಗಂಟೆ! ನಿನ್ನ ಮನೆಯ ಜಗಲಿ ಮೇಲೆ ನೋಟ್‌ಬುಕ್ಕುಗಳ ರಾಶಿ ನೋಡಿದ್ದೇನಲ್ಲ, ನಿನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಕಷ್ಟ ಹೊಸದಲ್ಲ ಕಣೋ. ಇಲ್ಲಿನ ಇಂಗ್ಲಿಷ್ ಟೀಚರುಗಳ ರಾಷ್ಟ್ರೀಯ ಪರಿಷತ್ತು 1911ರಲ್ಲಿ ಶಿಕಾಗೊದಲ್ಲಿ ಹುಟ್ಟಿತು. ಆಗ ಕಾಲೇಜುಗಳು ಪ್ರವೇಶಕ್ಕೆ ಇಂತಿಂಥ ಪುಸ್ತಕ ಓದಿರಬೇಕು ಅಂತ ಪಟ್ಟಿ ಕೊಡುತ್ತಿದ್ದವು. ಹೈಸ್ಕೂಲಿನ ಪಾಠವೆಲ್ಲ ಆ ಪಟ್ಟಿಯ ಹಿಂದೆ ಓಡುತ್ತಿತ್ತು. ಅದನ್ನು ಒಪ್ಪದ ಟೀಚರುಗಳು ಸೇರಿ ಕಟ್ಟಿದ್ದು ಆ ಪರಿಷತ್ತು. ಮರುವರ್ಷ ‘ಇಂಗ್ಲಿಷ್ ಜರ್ನಲ್’ ಅನ್ನುವ ಪತ್ರಿಕೆ ಶುರುವಾಯಿತು. ಅದರ ಮೊದಲ ಸಂಚಿಕೆಯಲ್ಲೇ ಕ್ಯಾನ್ಸಸ್‌ನ ಎಡ್ವಿನ್ ಹಾಪ್‌ಕಿನ್ಸ್ ಅನ್ನುವ ಪ್ರೊಫೆಸರ್ ಬರೆದರು. ಈಗಿರುವ ಪರಿಸ್ಥಿತಿಯಲ್ಲಿ ಬರವಣಿಗೆಯನ್ನು ಚೆನ್ನಾಗಿ ಕಲಿಸಲು ಆಗುತ್ತದೆಯೇ ಅನ್ನುವುದು ಲೇಖನದ ಪ್ರಶ್ನೆ. ‘ಇಲ್ಲ’ ಅನ್ನುವುದೇ ಅದರ ಮೊದಲ ಪದ. ನನಗೆ ಆ ‘ಇಲ್ಲ’ ತುಂಬಾ ಇಷ್ಟವಾಯಿತು. ನಾಯಕತ್ವ ಅಂದರೆ ಹೀಗೆ ಹೇಳುವುದೂ ಹೌದು.

ಇನ್ನೊಂದು ಕಥೆ ನಮ್ಮ ಪಕ್ಕದ್ದೇ. ಕ್ಯಾಲಿಫೋರ್ನಿಯಾದ ಈ ಫ್ರೀಮಾಂಟ್‌ನಿಂದ ರೈಲಿನಲ್ಲಿ ಬರ್ಕ್ಲಿಗೆ ಹೋಗುವಾಗ ದಾರಿಯಲ್ಲಿ ಸಾನ್ ಲಿಯಾಂಡ್ರೊ ಸಿಗುತ್ತದೆ. ಜೇಮ್ಸ್ ಗ್ರೇ ಅನ್ನುವವರು ಅಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಆಮೇಲೆ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದರು. 1974ರ ಬೇಸಿಗೆ ರಜೆಯಲ್ಲಿ ಸುತ್ತಲಿನ ಟೀಚರುಗಳನ್ನು ಕರೆದು ಕೂರಿಸಿದರು. ಹೊರಗಿನಿಂದ ತಜ್ಞರು ಬಂದು ಭಾಷಣ ಮಾಡುವ ತರಬೇತಿ ಬೇಡ ಅನ್ನುವುದು ಅವರ ಹಟ. ಟೀಚರಿಗೆ ಟೀಚರೇ ಕಲಿಸಬೇಕು, ಬರವಣಿಗೆ ಕಲಿಸುವವರು ತಾವೂ ಬರೆಯಬೇಕು. ಇದು ಈಗ ‘ನ್ಯಾಷನಲ್ ರೈಟಿಂಗ್ ಪ್ರಾಜೆಕ್ಟ್’ ಹೆಸರಿನಲ್ಲಿ ದೇಶದ ತುಂಬ ಹರಡಿದೆ. ಮಗಳ ಟೀಚರ್ ಕೂಡ ಒಂದು ಬೇಸಿಗೆ ಅಲ್ಲಿಗೆ ಹೋಗಿ ಬಂದವರು. ಪರದೆ ಮೇಲೆ ಬರೆದು ಹೊಡೆದು ಹಾಕುವ ಧೈರ್ಯ ಎಲ್ಲಿಂದ ಬಂತು ಅಂತ ನನಗೆ ಆಗ ತಿಳಿಯಿತು.

ಮೇಯ್ನ್ ರಾಜ್ಯದ ನ್ಯಾನ್ಸಿ ಆಟ್‌ವೆಲ್ ಹೆಸರು ನೀನು ಕೇಳಿರಬಹುದು. 2015ರಲ್ಲಿ ದುಬೈನಲ್ಲಿ ಮೊತ್ತಮೊದಲ ಗ್ಲೋಬಲ್ ಟೀಚರ್ ಪ್ರೈಜ್ ಬಂದದ್ದು ಅವರಿಗೆ. ಹತ್ತು ಲಕ್ಷ ಡಾಲರ್! ಅಷ್ಟನ್ನೂ ತಾವು 1990ರಲ್ಲಿ ಕಟ್ಟಿದ ಪುಟ್ಟ ಶಾಲೆಗೇ ಕೊಟ್ಟರು. ಅಲ್ಲಿ ಮಕ್ಕಳು ತಾವೇ ಆರಿಸಿಕೊಂಡ ಪುಸ್ತಕ ಓದುತ್ತಾರೆ. ಅದಕ್ಕಿಂತ ಹೆಚ್ಚಾಗಿ ನನಗೆ ಹಿಡಿಸಿದ್ದು ಬೇರೆ: ಬೇರೆ ಊರಿನ ಟೀಚರುಗಳು ಬಂದು ಕೂತು ನೋಡಲಿ ಅಂತಲೇ ಆ ಶಾಲೆಯನ್ನು ಕಟ್ಟಿದ್ದಾರೆ.

ಮೊದಲು ಹೇಳಿದ ಇಂಗ್ಲಿಷ್ ಟೀಚರುಗಳ ಪರಿಷತ್ತಿನಲ್ಲೂ ಇಂಥವರಿಗೆ ಅಂತಲೇ ಒಂದು ಗೌರವ ಇದೆ. ಪರಿಷತ್ತನ್ನು ಬಹಳ ಕಾಲ ನಡೆಸಿ 2015ರಲ್ಲಿ ತೀರಿಕೊಂಡ ಕೆಂಟ್ ವಿಲಿಯಮ್ಸನ್ ಹೆಸರಿನ ಪ್ರಶಸ್ತಿ.

ಈಗ ನಿನ್ನ ವಿಷಯ. ನಮ್ಮ ಭಾರತದಲ್ಲಿ ಶಿಕ್ಷಕರಿಗೆ ರಾಷ್ಟ್ರಪ್ರಶಸ್ತಿ 1958ರಿಂದ ಇದೆ. 2018ರಿಂದ ಟೀಚರುಗಳು ತಮ್ಮ ಹೆಸರನ್ನು ತಾವೇ ಆನ್‌ಲೈನ್‌ನಲ್ಲಿ ಹಾಕಬಹುದು. ಶಿಫಾರಸು ಮಾಡುವವರಿಲ್ಲದ ಹಳ್ಳಿ ಮೇಷ್ಟ್ರಿಗೂ ಬಾಗಿಲು ತೆರೆಯಿತು, ಅದು ಒಳ್ಳೆಯದೇ. ಆದರೆ ನಿನ್ನಂಥವನು ತನ್ನ ಬಗ್ಗೆ ತಾನು ನಾಲ್ಕು ಸಾಲು ಬರೆದುಕೊಳ್ಳುತ್ತಾನಾ? ಹೋದ ವರ್ಷ ಫೋನಿನಲ್ಲಿ ಕೇಳಿದಾಗ “ಸುಮ್ನಿರಪ್ಪ” ಅಂದೆ. ನಿನ್ನ ಕ್ಲಾಸಿನಲ್ಲಿ ಪಕ್ಕದ ಶಾಲೆಯ ಇಬ್ಬರು ಮೇಡಂಗಳು ಶನಿವಾರ ಬೆಳಗ್ಗೆ ಬಂದು ಕೂರುತ್ತಾರೆ ಅಂತ ನೀನೇ ಹೇಳಿದ್ದೆ. ಇಂಗ್ಲಿಷ್ ಮಾತಾಡಲು ಹೆದರುತ್ತಿದ್ದವರು ಈಗ ಮಕ್ಕಳಿಗೆ ಇಂಗ್ಲಿಷಿನಲ್ಲಿ ಕಥೆ ಹೇಳುತ್ತಾರೆ ಅಂದೆ. ಅದನ್ನು ಅವರು ಬರೆಯಲಿ. ನೋಡಿದವರು ಬರೆದರೆ ಅದಕ್ಕೆ ತೂಕ ಜಾಸ್ತಿ. ಅವರ ಫೋನ್ ನಂಬರ್ ನನಗೆ ಕೊಡು, ನಾನು ಮಾತಾಡುತ್ತೇನೆ. ಇದಕ್ಕೆ ನೀನು ಬೇಡ ಅನ್ನಬಾರದು.

ನನ್ನ ಪತ್ರ ಶುಕ್ರವಾರದೊಳಗೆ ಕೊಡಬೇಕು. ಇದರ ಜೊತೆಗೇ ನಿನಗೆ ಕಳಿಸಿದ್ದೇನೆ. ಓದಿ ನೋಡು. ಎಲ್ಲಿ ಹೊಗಳಿಕೆ ಜಾಸ್ತಿಯಾಗಿ ಟೀಚರ್ ಕಾಣಿಸುತ್ತಿಲ್ಲವೋ ಅಲ್ಲಿ ಕೆಂಪು ಗೀಟು ಹಾಕಿ ಕಳಿಸು.

ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ಗೆಳೆಯ