ಪಿಂಟುವಿನ ವಿಷಯ

ಮ್ಯೂನಿಕ್,
ಏಪ್ರಿಲ್ 14

ಅಮ್ಮಾ,

ನಾವು ಚೆನ್ನಾಗಿದ್ದೇವೆ. ಇಲ್ಲಿ ಬೆಳಿಗ್ಗೆ ಇನ್ನೂ ಸ್ವೆಟರ್ ಬೇಕು. ನಿನ್ನೆ ಫೋನಿನಲ್ಲಿ ಅಪ್ಪಾಜಿ ಸಿಟ್ಟಾಗಿದ್ದರು, ನನಗೆ ಜಾಸ್ತಿ ಹೇಳಲು ಆಗಲಿಲ್ಲ. ಅದಕ್ಕೇ ಈ ಪತ್ರ. ನಾಯಿಮರಿ ಪಿಂಟು ದೇವರ ಮನೆ ಬಾಗಿಲಲ್ಲೇ ಉಚ್ಚೆ ಮಾಡಿದ್ದು ಅವರಿಗೆ ಎಷ್ಟು ಬೇಜಾರಾಗಿದೆ ಅಂತ ಗೊತ್ತು. ಆದರೆ ಮೂತಿಯನ್ನು ಅದಕ್ಕೇ ತಿಕ್ಕಿದರೆ ಬುದ್ಧಿ ಬರುತ್ತದೆ ಅಂತ ಯಾರೋ ಹೇಳಿದರಲ್ಲ, ಅದೊಂದನ್ನು ದಯವಿಟ್ಟು ಮಾಡಬೇಡಿ.

ಅವನಿಗೆ ಎರಡೂವರೆ ತಿಂಗಳು. ಈ ವಯಸ್ಸಿನ ಮರಿ ಹಗಲಲ್ಲಿ ಎರಡು ಗಂಟೆ ತಡೆದುಕೊಂಡರೆ ಅದೇ ಹೆಚ್ಚು. ಅದರಲ್ಲೂ ಇಷ್ಟು ಚಿಕ್ಕ ಪೊಮೆರೇನಿಯನ್. ಹಠ ಅಲ್ಲಮ್ಮ, ಅವನ ಕೈಲಿ ಆಗಲ್ಲ ಅಷ್ಟೇ. ಇಲ್ಲಿ ನಮ್ಮ ಡ್ಯಾಶ್‌ಹೌಂಡ್ ಮರಿಗೆ ನಾನೂ ಒಂದು ಸಲ ಜೋರಾಗಿ ಗದರಿದ್ದೆ. ಅದು ಕಲಿತದ್ದು ಒಂದೇ, ನನ್ನ ಕಣ್ಣೆದುರು ಮಾಡಬಾರದು ಅಂತ. ಆಮೇಲೆ ಮಂಚದ ಕೆಳಗೆ ಹೋಗಿ ಮಾಡುತ್ತಿತ್ತು. ಹೊರಗೆ ಕರೆದುಕೊಂಡು ಹೋದರೂ ನಾನಿದ್ದೇನೆ ಅಂತ ಹೆದರಿ ಸುಮ್ನೆ ನಿಲ್ಲುತ್ತಿತ್ತು. ಆ ಭಯ ಹೋಗಲು ಮೂರು ವಾರ ಹಿಡಿಯಿತು. ಈಗಲೂ ನೆನೆದರೆ ಕರುಳು ಚುರುಕ್ ಅನ್ನುತ್ತದೆ.

ಹೊತ್ತು ನೋಡಿಕೊಳ್ಳಬೇಕು. ನಿದ್ದೆಯಿಂದ ಎದ್ದ ತಕ್ಷಣ, ತಿಂದು ಕಾಲು ಗಂಟೆಗೆ, ಆಟ ಮುಗಿದ ಮೇಲೆ, ರಾತ್ರಿ ಮಲಗುವ ಮುಂಚೆ ಎತ್ತಿಕೊಂಡು ಹೊರಗೆ ಹೋಗಿ. ನೆಲ ಮೂಸುತ್ತಾ ಸುತ್ತು ಹಾಕಿದರೂ ಅಷ್ಟೇ, ತಡ ಮಾಡಬೇಡಿ. ದಿನಾ ಒಂದೇ ಜಾಗ ಇರಲಿ. ಮಾಡಿದ ಕೂಡಲೇ ಅಲ್ಲೇ ನಿಂತು ಒಂದು ಚೂರು ಪನೀರ್ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಯಾಕೆ ಕೊಟ್ಟಿರಿ ಅಂತ ಅವನಿಗೆ ತಿಳಿಯುವುದಿಲ್ಲ.

ಮಧ್ಯಾಹ್ನ ಮಾಳಿಗೆ ಮೇಲೆ ಬಿಟ್ಟರೆ ಮಾಡಲ್ಲ, ಕೆಳಗೆ ಬಂದು ಮಾಡ್ತಾನೆ ಅಂತ ತಮ್ಮ ಹೇಳಿದ. ದಾವಣಗೆರೆಯ ಏಪ್ರಿಲ್ ಬಿಸಿಲಮ್ಮ ಅದು! ಸಂಡಿಗೆ ತಿರುವಿ ಹಾಕಲು ಬರಿಗಾಲಲ್ಲಿ ಹೋಗಿ ನಾವು ಕುಣಿಯುತ್ತಾ ಓಡಿ ಬರುತ್ತಿದ್ದೆವಲ್ಲ. ಅವನ ಪಾದವೂ ಸುಡುತ್ತದೆ. ಈ ತಳಿಗೆ ಹೆಸರು ಬಂದದ್ದೇ ಬಾಲ್ಟಿಕ್ ಸಮುದ್ರದ ದಡದ ಪೊಮೆರೇನಿಯಾದಿಂದ. ಅದರ ಒಂದು ಭಾಗ ಇದೇ ಜರ್ಮನಿಯಲ್ಲಿದೆ. ಚಳಿ ಸೀಮೆಯ ದಪ್ಪ ಕೂದಲು ಅವನದು. ಹಿತ್ತಲಲ್ಲಿ ನುಗ್ಗೆ ಮರದ ನೆರಳಿಗೆ ಬಿಡಿ. ಮೊದಲು ನೆಲಕ್ಕೆ ಕೈ ಇಟ್ಟು ನೋಡಿ. ನಿಮ್ಮ ಕೈಗೆ ಸುಟ್ಟರೆ ಬಿಡಬೇಡಿ. ಉಚ್ಚೆ ಕಡಿಮೆಯಾಗಲಿ ಅಂತ ನೀರಿನ ಬಟ್ಟಲು ಎತ್ತಿಡುವುದಂತೂ ಬೇಡವೇ ಬೇಡ. ಈ ಸೆಖೆಯಲ್ಲಿ ಮರಿಯ ಜೀವಕ್ಕೇ ಅಪಾಯ.

ಬೀದಿಗೆ ಈಗಲೇ ಬೇಡ. ನಾಯಿಮರಿಗಳ ಜೀವ ತೆಗೆಯುವ ಪಾರ್ವೋ ಅನ್ನುವ ರೋಗದ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಾಲ್ಕು ತಿಂಗಳಾಗುವವರೆಗೆ ಲಸಿಕೆಗಳು ಇರುತ್ತವೆ, ಡಾಕ್ಟರ್ ಹೇಳಿದ ದಿನ ತಪ್ಪಿಸಬೇಡಿ.

ಇನ್ನು ದೇವರ ಮನೆ ಬಾಗಿಲು. ಫಿನಾಯಿಲ್ ಹಾಕಿ ಒರೆಸಿದರೆ ವಾಸನೆ ನಮಗೆ ಹೋಗುತ್ತದೆ, ಅವನಿಗೆ ಹೋಗುವುದಿಲ್ಲ. ಅದಕ್ಕೇ ಮತ್ತೆ ಅಲ್ಲಿಗೇ ಬರುತ್ತಾನೆ. ಫಿನಾಯಿಲ್ ಅಂಟಿದ ಪಾದ ನೆಕ್ಕಿದರೆ ಮರಿಗೆ ವಿಷ ಕೂಡ. ನಾಯಿ ಸಾಮಾನು ಮಾರುವ ಅಂಗಡಿಯಲ್ಲಿ ಎನ್‌ಜೈಮ್ ಇರುವ ಕ್ಲೀನರ್ ಸಿಗುತ್ತದೆ, ತಮ್ಮನಿಗೆ ತರಲು ಹೇಳು. ಅದು ಉಚ್ಚೆಯ ಕಲೆಯನ್ನೇ ಒಡೆದು ತೆಗೆಯುತ್ತದೆ. ಅಲ್ಲಿಯವರೆಗೆ ಬಾಗಿಲಿಗೆ ಒಂದು ಹಲಗೆ ಅಡ್ಡ ಇಡಿ.

ಅಪ್ಪಾಜಿಗೆ ಒಂದು ಮಾತು ಹೇಳ್ತೀಯಾ? ಬೆಳಿಗ್ಗೆ ಐದೂವರೆಗೆ ಅವರು ಪೂಜೆಗೆ ಹೂವು ಬಿಡಿಸಲು ಹಿತ್ತಲಿಗೆ ಹೋಗುತ್ತಾರಲ್ಲ, ಆಗ ಪಿಂಟುವನ್ನೂ ಎತ್ತಿಕೊಂಡು ಹೋಗಲಿ. ಅವನು ಏಳುವುದೂ ಅದೇ ಹೊತ್ತಿಗೆ ಅಲ್ವಾ? ದಿನದ ಮೊದಲ ಪನೀರ್ ಚೂರು ಅಪ್ಪಾಜಿ ಕೈಯಿಂದಲೇ ಸಿಗಲಿ.

ನಿನ್ನ ಮಗಳು